ಮಳವಳ್ಳಿ ಸಂತೆಗೆ ತಂದ ಕುಡಿಕೆಗಳು

ಗುತ್ತಲು, ಮಂಡ್ಯ
ನವೆಂಬರ್ ೧೯೪೬

ತಮ್ಮ ಪೀರ್ ಪಾಷಾಗೆ ನಿನ್ನ ಆಪಾ ಹಬೀಬುನ್ನೀಸಾಳ ಸಲಾಮು.

ಉರ್ದುವಿನಲ್ಲಿ ಬರೆದರೆ ಇನ್ನೊಬ್ಬರ ಕೈಲಿ ಓದಿಸುತ್ತೀಯ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮಾ ತೀರಿಕೊಂಡ ವರ್ಷ ನಿನ್ನನ್ನು ಕನ್ನಡ ಶಾಲೆಗೆ ಸೇರಿಸಿ, ನಿನಗೆ ಪಾಠ ಹೇಳಿಕೊಡುತ್ತಾ ನಾನೂ ಕಲಿತ ಕನ್ನಡ ಇದು. ಇದನ್ನು ನೀನೊಬ್ಬನೇ ಕೂತು ಓದು. ಮೊನ್ನೆ ಮಳವಳ್ಳಿ ಸಂತೆಯಲ್ಲಿ ನಿನ್ನ ಅಂಗಡಿಯ ಮುಂದೆ ನಾನು ಮಾಡಿದ್ದನ್ನೆಲ್ಲ ನೀನು ಎದುರಿನ ಹೋಟೆಲಿನ ಬಾಗಿಲಲ್ಲಿ ನಿಂತು ನೋಡಿದೆ. ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ. ಅಷ್ಟು ಜನರೆದುರು ನಿನ್ನೊಡನೆ ಆಡಲಾಗದ ಮಾತುಗಳನ್ನು ಇಲ್ಲಿ ಆಡುತ್ತಿದ್ದೇನೆ.

ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಆ ಬೂದುಬಿಳಿ ಪುಡಿಯ ಪೀಪಾಯಿಗಳನ್ನು ನೀನು ಹಿಡಿದು ತಂದಾಗ ನನಗೆ ಸಂತೋಷವೇ ಆಗಿತ್ತು. ಸೈಕಲ್ ರಿಪೇರಿಯಲ್ಲಿ ಬೆರಳುಗಳು ಕಪ್ಪಾಗಿ ಹೋಗಿದ್ದ ನಿನಗೆ ಒಂದು ದಾರಿಯಾಯಿತು ಅಂದುಕೊಂಡೆ. ಪೀಪಾಯಿಯ ಮೇಲಿನ ಬರಹ ಮಳೆಗೆ ಅಳಿಸಿಹೋಗಿತ್ತು. ಹುಳುಹುಪ್ಪಟೆಗೆ ಅಂತ ಹರಾಜಿನವನು ಹೇಳಿದ್ದಷ್ಟೇ ನಿನಗೆ ಗೊತ್ತಿದ್ದದ್ದು. ಕಬ್ಬಿನ ಬಿತ್ತನೆ ತುಂಡುಗಳನ್ನು ಗೆದ್ದಲು ತಿನ್ನುತ್ತದೆಂದು ರೈತರು ಗೋಳಾಡುತ್ತಿದ್ದ ಕಾಲ. ನಿನ್ನ ಪುಡಿ ಹಾಕಿದ ಸಾಲಿನಲ್ಲಿ ಗೆದ್ದಲು ನಿಂತಿತು. ಜನ ಹುಡುಕಿಕೊಂಡು ಬಂದರು. ಎಷ್ಟು ಹಾಕಬೇಕು ಎಂದು ಕೇಳಿದವರಿಗೆ ನೀನು, "ಸಾಲಿಗೊಂದು ಡಬ್ಬಿ ಸುರೀರಿ, ಜಾಸ್ತಿ ಹಾಕಿದಷ್ಟೂ ಒಳ್ಳೇದು" ಅನ್ನುತ್ತಿದ್ದೆ. ಒಳಗೆ ರೊಟ್ಟಿ ತಟ್ಟುತ್ತಾ ನಾನೂ ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದೆ.

ಆತಗೂರಿನ ಬೆಳ್ಳಮ್ಮ ಬಂದದ್ದು ಆಮೇಲೆ. ಗಂಡನಿಲ್ಲದೆ ತಾನೇ ಬೇಸಾಯ ಮಾಡಿಸುವ ಹೆಂಗಸು. ಮದ್ದೂರಿನಲ್ಲಿ ರೈಲು ಹತ್ತಿ ಬಂದು, ಮುತ್ತುಗದ ಎಲೆಯ ಪೊಟ್ಟಣವನ್ನು ನಮ್ಮ ಹೊಸ್ತಿಲ ಮೇಲೆ ಬಿಚ್ಚಿದಳು. ಒಳಗೆ ಸತ್ತು ಕಪ್ಪಾದ ಎರೆಹುಳುಗಳ ಮುದ್ದೆ. "ನೀರು ಕಟ್ಟುತ್ಲೂವೆ ಎಲ್ಲಾ ಮೇಲಕ್ ಬಂದು ವದ್ದಾಡಿ ಸತ್ವು ಕಣವ್ವ. ಎರೆಹುಳ ಇಲ್ದಿದ್ ಮಣ್ಣು ಕಲ್ಲಾಯ್ತದೆ. ನಿನ್ ತಮ್ಮ ಏನ್ ಕೊಟ್ನೋ ಏನೋ" ಅಂದಳು. ನೀನು ನಕ್ಕೆ. "ಹುಳ ಸಾಯಲಿ ಅಂತ ತಾನೇ ಪುಡಿ ಕೊಂಡಿದ್ದು?" ಅಂದೆ. ಅವಳು ನಗಲಿಲ್ಲ.

ನಿನ್ನ ಭಾವ ನಜೀರ್ ಅಹ್ಮದ್ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಷ್ಟು ಕಾಲವೂ ಒಂದು ಪುಡಿಯನ್ನಾದರೂ ತೂಗದೆ ಕಟ್ಟಿದವರಲ್ಲ. ಅವರು ಹೋದ ಮೇಲೆ ಅವರ ಚಿಕ್ಕ ತಕ್ಕಡಿ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ತೆಗೆದೆ. ಪುಡಿ ಹಾಕದ ಹೊಲದ ಮಣ್ಣನ್ನೂ ಎರೆಹುಳುಗಳನ್ನೂ ತಂದುಕೊಡಲು ಬೆಳ್ಳಮ್ಮನಿಗೆ ಹೇಳಿದೆ. ಮಣ್ಣನ್ನು ಜರಡಿ ಹಿಡಿದು, ಹಿಂಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ಕುಡಿಕೆಗಳಿಗೆ ಸಮನಾಗಿ ತುಂಬಿದೆ. ಒಂದಕ್ಕೆ ಪುಡಿ ಹಾಕಲಿಲ್ಲ. ಮಿಕ್ಕವಕ್ಕೆ ಚಿಟಿಕೆಯಿಂದ ಹಿಡಿದು ನಿನ್ನ ಡಬ್ಬಿಯ ಲೆಕ್ಕದವರೆಗೆ ತೂಗಿ ಏರಿಸುತ್ತಾ ಕಲಸಿದೆ. ಒಂದೊಂದರಲ್ಲಿ ಹತ್ತು ಎರೆಹುಳು ಬಿಟ್ಟು ಒದ್ದೆ ಬಟ್ಟೆ ಕಟ್ಟಿದೆ. "ಆಪಾ, ಹುಳಕ್ಕೆ ಆಸ್ಪತ್ರೆ ತೆಗೆದಿದ್ದೀಯಾ?" ಎಂದು ನೀನು ಜಗಲಿಯ ಮೇಲೆ ಕೂತು ರೇಗಿಸಿದೆ.

ಮೊದಲ ಸಲ ಎಲ್ಲ ಕೆಟ್ಟಿತು. ಜಗಲಿಗೆ ಮಧ್ಯಾಹ್ನದ ಬಿಸಿಲು ಬಡಿದು ಪುಡಿ ಹಾಕದ ಕುಡಿಕೆಯಲ್ಲೂ ಹುಳುಗಳು ಸತ್ತವು. "ನೋಡು, ಪುಡಿ ಇಲ್ಲದೇನೇ ಸಾಯ್ತವೆ" ಎಂದು ನೀನು ಎದ್ದು ಹೋದೆ. ಬೆಳ್ಳಮ್ಮ ಮಾತ್ರ, "ಪುಡೀಲೇ ಸತ್ವು ಅಂತ ಏಳ್ಬುಡವ್ವ, ಯಾರ್ ಕಂಡವ್ರೆ" ಅಂದಳು. ನಾನು ಹೇಳಲಿಲ್ಲ. ಬರಿಯ ಮಣ್ಣಿನಲ್ಲೇ ಹುಳು ಉಳಿಯದಿದ್ದ ಮೇಲೆ ಪುಡಿಯ ಮೇಲೆ ತಪ್ಪು ಹೊರಿಸಲು ನನಗೇನು ಹಕ್ಕು? ಎಲ್ಲವನ್ನೂ ತಿಪ್ಪೆಗೆ ಸುರಿದು, ಬಚ್ಚಲ ಹಿಂದಿನ ತಂಪಿನಲ್ಲಿ ಮತ್ತೆ ಹೊಸದಾಗಿ ಹೂಡಿದೆ.

ಎರಡು ವಾರ ಕಳೆದು ಕುಡಿಕೆಗಳನ್ನು ಸುರಿಯುವ ದಿನ ನಿನ್ನನ್ನೇ ಕೂರಿಸಿದೆ. ನಾನು ಮುಟ್ಟಿದರೆ ಮೋಸ ಅನ್ನುತ್ತೀಯ ಎಂದು. ಚಿಕ್ಕವನಿದ್ದಾಗ ಗಾಳ ಹಾಕಲು ಎರೆಹುಳು ಕೆದಕುತ್ತಿದ್ದ ಬೆರಳುಗಳು ನಿನ್ನವು. ಮಣ್ಣಿನಲ್ಲಿ ಒಂದು ಹುಳುವೂ ನಿನ್ನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬರಿಯ ಮಣ್ಣಿನವು ಕೈಯಿಂದ ಜಾರಿ ಓಡಿದವು. ಚಿಟಿಕೆ ಹಾಕಿದಲ್ಲಿಯೂ ಎಲ್ಲ ಬದುಕಿದ್ದವು. ನಡುವಿನ ಕುಡಿಕೆಯಲ್ಲಿ ಅರ್ಧದಷ್ಟು ಸತ್ತು, ಉಳಿದವು ಹುಲ್ಲುಕಡ್ಡಿಯಿಂದ ತಿವಿದರೂ ಮಿಸುಕಲಿಲ್ಲ. ಡಬ್ಬಿ ಲೆಕ್ಕದ ಕುಡಿಕೆಯಲ್ಲಿ ನೀನು ತುಂಬ ಹೊತ್ತು ಹುಡುಕಿದೆ. ಸಿಕ್ಕಿದ್ದು ಕೊಳೆತ ಚೂರುಗಳು. ನೀನು ಕೈ ತೊಳೆದುಕೊಂಡು ಒಳಗೆ ಹೋದೆ. ನಿನಗೆ ಅರ್ಥವಾಯಿತೆಂದು ನಾನು ನಂಬಿದೆ.

ಅದೇ ವಾರ ನೀನು ಪೀಪಾಯಿಗಳನ್ನು ಗಾಡಿಗೆ ಹೇರಿ, ಸಂತೆಯಲ್ಲಿ ಅಂಗಡಿ ಇಡಲು ಮಳವಳ್ಳಿಗೆ ಹೊರಟೆ. ಚಿಟಿಕೆಯ ಲೆಕ್ಕದಲ್ಲಿ ತೂಗಿ ಮಾರು ಎಂದು ನಾನು ಹೇಳಿದೆ. ಹೂಂ ಅಂದೆ ನೀನು. ನಾನು ಅಲ್ಲಿಗೆ ಬಿಟ್ಟೆ. ಬೆಳ್ಳಮ್ಮ ಆ ಲೆಕ್ಕದಲ್ಲೇ ಒಂದು ಸಾಲಿಗೆ ಹಾಕಿ ನೋಡಿದಳು. ಗೆದ್ದಲು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಆಮೇಲೆ ಒಂದು ದಿನ ಮಳವಳ್ಳಿ ಕಡೆಯ ದೊಡ್ಡಸಿದ್ದಯ್ಯ ಎಂಬ ಮುದುಕರು ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಳಕ್ಕಲ್ಲ. ಗೊನೆಯಿಂದ ಮುರಿದ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. "ನಿನ್ ತಮ್ಮ ಏಳ್ದ ಕಣಮ್ಮ, ನಮ್ಮಕ್ಕ ಪರೀಕ್ಸೆ ಮಾಡವ್ಳೆ, ಎರೆಹುಳಕ್ಕೂ ಏನೂ ಆಗಕಿಲ್ಲ ಅಂತ. ನಿನ್ನ ಮಾತ್ ಮ್ಯಾಲೆ ಸಾಲಿಗೆ ಎರಡೆರಡು ಡಬ್ಬಿ ಹಾಕ್ದೆ. ತರಕಾರಿ ಮಡಿಗೂ ಹಾಕ್ಬೋದಾ ಅಂತ ಕೇಳ್ಕೊಂಡ್ ಓಗನಾ ಅಂತ ಬಂದೆ" ಅಂದರು.

ಪೀರ್, ನೀನು ಸುಳ್ಳು ಹೇಳಿರಲಿಲ್ಲ. ಚಿಟಿಕೆಯ ಕುಡಿಕೆಯನ್ನು ಹೇಳಿ ಡಬ್ಬಿಯ ಕುಡಿಕೆಯನ್ನು ನುಂಗಿದ್ದೆ. ಆ ಮುದುಕರ ಹೊಲದಲ್ಲಿ ಸತ್ತ ಎರೆಹುಳುಗಳೆಲ್ಲ ನನ್ನ ಹೆಸರಿನಲ್ಲಿ ಸತ್ತವು. ತರಕಾರಿಗೆ ಹಾಕಬೇಡಿ ಎಂದು ಕಾಲು ಹಿಡಿಯುವಂತೆ ಬೇಡಿಕೊಂಡೆ. ಸಂಜೆ ಅಳು ಬಂತು. ಅತ್ತು ಮುಗಿಸಿ, ಮೂರನೆಯ ಸಲ ಮಣ್ಣು ಜರಡಿ ಹಿಡಿದೆ.

ಎರಡು ವಾರ ಕಳೆದ ಮೇಲೆ ಕುಡಿಕೆಗಳನ್ನೂ ತಕ್ಕಡಿಯನ್ನೂ ಮಂಕರಿಯಲ್ಲಿ ಹುಲ್ಲು ಹಾಸಿ ಜೋಡಿಸಿಕೊಂಡು, ಇದ್ದಿಲಿನಿಂದ ಓಡುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡೇ ಬಂದೆ. ನಿನ್ನ ಅಂಗಡಿ ತೆರೆದಿತ್ತು, ನೀನು ಟೀ ಕುಡಿಯಲು ಹೋಗಿದ್ದೆ, ಜನ ಕಾಯುತ್ತಿದ್ದರು. ಗೋಣಿತಾಟು ಹಾಸಿ ಕುಡಿಕೆಗಳನ್ನು ಒಂದೊಂದಾಗಿ ಸುರಿದೆ. ಅಷ್ಟು ಗಂಡಸರ ನಡುವೆ ನಾನು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ನಾನೇ ಆ ಪರೀಕ್ಷೆ ಮಾಡಿದ ಅಕ್ಕ ಅಂದೆ. ಇಷ್ಟು ಹಾಕಿದರೆ ಎರೆಹುಳು ಎರಡು ವಾರ ಉಳಿದವು, ಅದರಾಚೆ ನನಗೆ ಗೊತ್ತಿಲ್ಲ, ಡಬ್ಬಿ ಸುರಿದರೆ ಒಂದೂ ಉಳಿಯಲಿಲ್ಲ ಅಂದೆ. ಒಬ್ಬ, "ಅಂಗಾರೆ ನಿನ್ ತಮ್ಮ ಮೋಸಗಾರ ಅನ್ನು" ಎಂದು ಕೂಗಿದ. ನಾನು ಪುಡಿಯ ಮಾತಾಡಲು ಬಂದಿದ್ದೇನೆ ಅಂದೆ. ಅಷ್ಟರಲ್ಲೇ ಎದುರಿನ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ನೀನು ನನ್ನ ಕಣ್ಣಿಗೆ ಬಿದ್ದದ್ದು.

ನೀನು ಮುಖ ತಿರುಗಿಸಿ ಹೋದ ಮೇಲೂ ನಾನು ಅಲ್ಲೇ ಇದ್ದೆ. ಕೆಲವರು ಕೊಂಡ ಪುಡಿಯನ್ನು ತಂದು ಹಿಂದಕ್ಕೆ ಸುರಿದರು. ಇನ್ನು ಕೆಲವರು ಬೈದುಕೊಂಡು ಹೋದರು. ದೊಡ್ಡಸಿದ್ದಯ್ಯನವರು ಎರೆಹುಳುಗಳನ್ನು ಅಂಗೈಯಲ್ಲಿ ಹಿಡಿದು ನೋಡಿ, "ನಂಗೆ ಆ ಚಿಟಿಕೇದು ತೂಗ್ಕೊಡವ್ವ" ಅಂದರು. ತೂಗಿ ಕೊಟ್ಟೆ. ಅವರನ್ನು ನೋಡಿ ಇನ್ನೊಬ್ಬರು ಕೇಳಿದರು. ಸಂತೆ ಕರಗುವಾಗ ಪೀಪಾಯಿಗೆ ಮುಚ್ಚಳ ಬಡಿದು, ಕದ ಹಾಕಿ, ಪಕ್ಕದ ಅಂಗಡಿಯವರ ಕೈಗೆ ಬೀಗದ ಕೈ ಕೊಟ್ಟು ಬಂದೆ.

ನಿನ್ನ ಅವಮಾನ ನನಗೆ ಅರ್ಥವಾಗುತ್ತದೆ. ನಿನ್ನನ್ನು ತಲೆ ತಗ್ಗಿಸುವಂತೆ ಮಾಡಿದ ಕೈ ನಿನಗೆ ತುತ್ತು ತಿನ್ನಿಸಿದ ಕೈಯೇ ಎಂಬುದು ನನ್ನನ್ನೂ ಸುಡುತ್ತಿದೆ. ಆದರೂ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಮುಂದಿನ ಸಂತೆಗೂ ಬರುತ್ತೇನೆ. ನೀನು ತೂಗಿ ಮಾರುವುದಾದರೆ ಅಂಗಡಿಯ ಒಳಗೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಇಲ್ಲವಾದರೆ ಮೊನ್ನೆ ನಿಂತ ಜಾಗದಲ್ಲೇ ನಿಲ್ಲುತ್ತೇನೆ. ಎಲ್ಲಿದ್ದರೂ ನಿನಗೆ ಊಟ ತಂದಿರುತ್ತೇನೆ, ಹಸಿದುಕೊಂಡು ಹೋಟೆಲಿನ ಬಾಗಿಲಲ್ಲಿ ನಿಲ್ಲಬೇಡ.

ಅಲ್ಲಾಹನು ನಿನ್ನ ದುಡಿಮೆಗೆ ಬರಕತ್ ಕೊಡಲಿ, ನಿನ್ನ ನಾಲಿಗೆಗೆ ಪೂರ್ತಿ ಮಾತು ಆಡುವ ಧೈರ್ಯ ಕೊಡಲಿ.

ನಿನ್ನನ್ನು ಬಿಟ್ಟುಕೊಡದ,
ಆಪಾ ಹಬೀಬುನ್ನೀಸಾ