ಕೊಂಡಿ ಕತ್ತರಿಸಿದ್ದು ನಾನು

ತಂಗಿ ಗೌರವ್ವ,

ಅಲ್ಲಿ ಅವ್ವನ ಮಂಡಿನೋವು ಹೇಗಿದೆ? ಮಲ್ಲಪ್ಪ ಕಾಕಾನ ಕೆಮ್ಮು ನಿಂತಿತೇ? ಅಪ್ಪ ಇನ್ನೂ ಕನ್ನಡಕವನ್ನು ಹಣೆಗೇರಿಸಿಕೊಂಡೇ ಕನ್ನಡಕ ಹುಡುಕುತ್ತಾನೆಯೇ? ಮತ್ತೆ ನಿನ್ನ ಕೈಗಳು, ಈಗಲಾದರೂ ಬೆಚ್ಚಗಿವೆಯೇನೇ? ಇಳಕಲ್ಲಿನ ಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದವಳು ನೀನೊಬ್ಬಳೇ.

ಆ ಮುಂಜಾನೆ ನೆನಪಿದೆಯೇ? ನಿನ್ನ ಮುಖ ಊದಿತ್ತು, ದನಿ ದಪ್ಪಗಾಗಿತ್ತು. ಬಾಚಣಿಗೆ ತುಂಬ ಕೂದಲು. ನೀನು ಮಗ್ಗಕ್ಕೆ ಕೂರಲು ತಡ ಮಾಡಿದೆಯೆಂದು "ಮೈಗಳ್ಳಿ ಆಗೀ ನೋಡು ನೀ" ಅಂದವಳು ನಾನೇ. ನೀನು "ಹೂಂ ಅಕ್ಕಾ, ಏಳ್ತೇನಿ" ಅಂದೆ. ಎದ್ದೆ ಕೂಡ. ಆ ಚಳಿಗಾಲ ಮುಗಿಯುವಷ್ಟರಲ್ಲಿ ನಮ್ಮನ್ನೆಲ್ಲ ಬಿಟ್ಟು ಹೋದೆ...

ಹೋದ ವರ್ಷ ನಿನ್ನ ಮಗಳು ಸುಜಾತಾ ಕಮತಗಿಯ ಅತ್ತೆಮನೆಯಿಂದ ಬಂದಾಗ ಅದೇ ಊದಿದ ಮುಖ, ಅದೇ ತಣ್ಣನೆಯ ಕೈ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ರಕ್ತದ ಕಾಗದ ನೋಡಿ ಡಾಕ್ಟರು ಥೈರಾಯ್ಡ್ ಅಂದರು, ಆಂಟಿಬಾಡಿ ಅಂದರು.

"ಅದು ಯಾವ ಹುಳರೀ, ಡಾಕ್ಟರ?" ಅಂದೆ.

"ಹುಳ ಅಲ್ಲಬೇ ಯವ್ವಾ. ನಮ್ಮ ಮೈಯಾಗಿನ ಕಾವಲುಗಾರರ ಕೆಲಸ ಅದು."

ಬಿಡಲಿಲ್ಲ ನಾನು. ಪಕ್ಕದ ಮನೆಯ ಟೀಚರ ವಿಜ್ಞಾನದ ಪುಸ್ತಕ ತಂದು, ಬೆರಳಿಟ್ಟು ಓದಿದೆ. ರಕ್ತದ ಕಾವಲು ಕಣಗಳಲ್ಲಿ ಕೆಲವು ಎದೆಗೂಡಿನ ಒಂದು ಗ್ರಂಥಿಯಲ್ಲಿ ಬೆಳೆಯುತ್ತವಂತೆ. ತನ್ನವರ ಮೇಲೇ ಬೀಳುವಂಥವನ್ನು ಆ ಗ್ರಂಥಿ ಅಲ್ಲಿಯೇ ಆರಿಸಿ ತೆಗೆಯುತ್ತದೆ. ಕೆಲವು ನುಸುಳಿಕೊಳ್ಳುತ್ತವೆ. ಅವನ್ನು ತಡೆಯುವವೂ ಇವೆ. ಆ ಹಿಡಿತ ಸಡಿಲಾದಾಗ ನುಸುಳಿದವು ಗಂಟಲಿನ ಥೈರಾಯ್ಡಿಗೆ ನುಗ್ಗಿ, ದುಡಿಯುವ ಕಣಗಳನ್ನೇ ಕೊಲ್ಲುತ್ತವೆ. ಜೊತೆಯ ಬೇರೆ ಕಾವಲು ಕಣಗಳು ಆಂಟಿಬಾಡಿ ಎಂಬ ಅಸ್ತ್ರ ತಯಾರಿಸುತ್ತವೆ. ಥೈರಾಯ್ಡಿನ ಹಾರ್ಮೋನು ಕಡಿಮೆಯಾಗಿ ಇಡೀ ಮೈ ನಿಧಾನವಾಗುತ್ತದೆ. ದಿನಾ ನುಂಗಲು ಡಾಕ್ಟರು ಸುಜಾತಾಗೆ ಬರೆದುಕೊಟ್ಟ ಗುಳಿಗೆ ಆ ಹಾರ್ಮೋನೇ.

ಓದುತ್ತಾ ನಾವು ಚಿಕ್ಕವರಿದ್ದಾಗಿನ ಕತ್ತರಿ ನೆನಪಾಯಿತು. ಮಗ್ಗದಿಂದ ಇಳಿದ ಸೀರೆಯ ದಾರ ಕತ್ತರಿಸಲು ಅವ್ವ ನನ್ನನ್ನು ಕೂರಿಸಿದ್ದಳು. ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸಿ ಹಾಕುವ ಕೊಂಡಿಗಳನ್ನು ನಾನು ಕಸವೆಂದುಕೊಂಡೆ. ಕಚಕಚ ಕತ್ತರಿಸಿದೆ. ಸೆರಗು ಬಿಟ್ಟುಕೊಂಡಿತು.

"ಯಾರಲೇ ಕೊಂಡಿ ಕತ್ತರಸಿದ್ದು?" ಅಂದ ಅಪ್ಪ.

"ನಾ" ಅಂದೆ ನೀನು. ಏಳು ವರ್ಷದ ಹುಡುಗಿ, ಕತ್ತರಿ ಹಿಡಿಯಲೂ ಬಾರದವಳು. ಏಟು ತಿಂದೆ.

ನನ್ನ ಕತ್ತರಿ ಚೂಪಾಗಿತ್ತು, ಮನಸ್ಸೂ ಶುದ್ಧವಿತ್ತು. ನಮ್ಮದೇ ಕೊಂಡಿ ಎಂದು ಗುರುತು ಹತ್ತಲಿಲ್ಲ, ಅಷ್ಟೇ. ಮೈಯಲ್ಲಿ ನಡೆಯುವುದೂ ಅದೇ ಅಲ್ಲವೇ? ಇದರಲ್ಲಿ ಮೈಗಳ್ಳತನ ಎಲ್ಲಿ ಬಂತು? ನಿನಗಿದ್ದದ್ದು ಇದೇ ಎಂದು ಆಣೆ ಮಾಡಲಾರೆ, ನಿನ್ನ ರಕ್ತವನ್ನು ಯಾರೂ ನೋಡಲಿಲ್ಲ. ಆದರೆ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಈಗ ಸುದ್ದಿ ಕೇಳು. ಸುಜಾತಾಗೆ ಮೂರು ತಿಂಗಳು. ಅವಳ ಅತ್ತೆ ನೀಲವ್ವ ಗುಳಿಗೆಯ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದಾಳೆಂದು ತಿಳಿದು ಮೊನ್ನೆ ಮೊದಲ ಬಸ್ಸಿಗೇ ಹೋದೆ.

"ಬಸರಿ ಹೆಂಗಸು ದಿನಾ ಗುಳಿಗಿ ನುಂಗಿದ್ರ ಕೂಸಿಗೆ ಬಾಧಿ ಅಲ್ಲೇನ್ರೀ?" ಅಂದಳು. "ಮೈಗಳ್ಳತನಕ್ಕ ಈಗ ಥೈರಾಯ್ಡ್ ಅಂತ ಹೆಸರ ಇಟ್ಟಾರ."

"ಬೀಗತಿ, ಮೊದಲಿನ ತಿಂಗಳದಾಗ ಕೂಸಿಗೆ ತಾಯಿ ಹಾರ್ಮೋನ ಬೇಕ್ರೀ. ಡಾಕ್ಟರ್ ಗುಳಿಗಿ ಹೆಚ್ಚ ಮಾಡ್ಯಾರ, ಬಿಡು ಅಂದಿಲ್ಲ. ಆ ಮೈಗಳ್ಳಿ ಅನ್ನೂ ಮಾತು ನನ್ನ ತಂಗಿಗೆ ಅಂದು ಕುಂತೇನಿ. ಇಕಿಗೆ ಯಾರ ಅಂದ್ರೂ ಕೇಳಂಗಿಲ್ಲ."

"ನೀವ್ ಯಾವಾಗ ಡಾಕ್ಟರ್ ಆದ್ರಿ?"

"ನಿಮ್ಮ ಸೊಸಿ ಕಾಗದಾ ಓದಿ ಆದೆ. ತಗೋರಿ, ನೀವೂ ಓದ್ರಿ."

ಓದಲಿಲ್ಲ. ಆದರೆ ಡಬ್ಬಿ ಕೆಳಗಿಳಿಯಿತು. ಸುಜಾತಾ ನಮ್ಮೆದುರೇ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿದಳು. ಗುಳಿಗೆ ನುಂಗಿ ಅರ್ಧ ಗಂಟೆ ಚಹಾ ಕುಡಿಯಬಾರದು, ಮಾಡಿಟ್ಟ ಚಹಾ ಆರುತ್ತಿತ್ತು. "ಆರ್ಲಿ ಬಿಡು, ಮತ್ತ ಕಾಸ್ತೇನಿ" ಅಂದಳು ನೀಲವ್ವ, ನನ್ನ ಕಡೆ ನೋಡದೆ. ಕೂಸು ಬರುವವರೆಗೆ ವಾರಕ್ಕೊಮ್ಮೆ ಹೋಗಿ ಆ ಡಬ್ಬಿ ಎಣಿಸುತ್ತೇನೆ ಗೌರವ್ವ, ಯಾರು ಏನಾದರೂ ಅನ್ನಲಿ.

ಒಂದು ಕೆಲಸ ಮಾಡು. ಅಪ್ಪನೂ ಈಗ ನಿನ್ನ ಹತ್ತಿರ ಅಲ್ಲಿಯೇ ಇದ್ದಾನಲ್ಲ. ಅವನಿಗೆ ಕನ್ನಡಕ ಕೊಟ್ಟು, ಈ ಕಾಗದ ಓದಲು ಹೇಳು. ಕತ್ತರಿ ಯಾರ ಕೈಯಲ್ಲಿತ್ತೆಂದು ಅವನಿಗೆ ತಿಳಿಯಲಿ. ಅವನು ಏನಂದ ಎಂದು ಬೇಗ ಬರೆ.

ನಿನ್ನ ಅಕ್ಕ,
ನಾಗವ್ವ