ಮನಾಲಿಯ ಗೋಲು, ನನ್ನ ಸಿಹಿ

೧೪ ಜೂನ್ ೨೦೨೨, ಇಚಲಕರಂಜಿ

ಬಸದಿಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ಹಿಂದಿನ ಶೆಡ್ಡಿನಲ್ಲಿ ಮಗ್ಗ ಶುರುವಾಗಿದ್ದವು, ಫೋನು ಕೇಳಿಸಲಿಲ್ಲ. ಮೂರನೆಯ ಸಲ ಕೇಳಿಸಿತು. ಮನಾಲಿ, ಕೊಲ್ಲಾಪುರದ ಹಾಸ್ಟೆಲಿನಿಂದ.

"ಅವ್ವಾ, ಇಂಡಿಯಾ ಕ್ಯಾಂಪಿಗೆ ಕರದಾರ!"

"ಎಷ್ಟ ದಿನದ್ದ ಬಟ್ಟಿ ಒಯ್ಯಬೇಕು?" ಅಂದೆ. ಬೇರೆ ಮಾತೇ ಹೊಳೆಯಲಿಲ್ಲ.

ಮೂವರು ಗೋಲ್‌ಕೀಪರ್‌ಗಳಂತೆ, ಇವಳು ಮೂರನೆಯವಳು. ಹತ್ತೊಂಬತ್ತು ವರ್ಷ. ಗಡಹಿಂಗ್ಲಜದಲ್ಲಿ ನನ್ನ ತಮ್ಮ ಜಿನಗೊಂಡನ ಮನೆಯಲ್ಲಿಟ್ಟು ಓದಿಸಿದ್ದಕ್ಕೆ ಇದಾಯಿತು. ಆ ಊರಲ್ಲಿ ಮಳೆ ಬಂದರೂ ಫುಟ್ಬಾಲು ನಿಲ್ಲುವುದಿಲ್ಲ. ಎತ್ತರ ಇದ್ದಾಳೆಂದು ಗೋಲಿಗೆ ನಿಲ್ಲಿಸಿದವನು ಅವನೇ. ಅವನಿಗೆ ಪುಣ್ಯ ಬರಲಿ.

ಈ ಡೈರಿ ನೂಲಿನ ವ್ಯಾಪಾರಿ ಕೊಟ್ಟದ್ದು. ನಮ್ಮ ಯಜಮಾನರಿಗೆ ಮರಾಠಿಯೇ ಓದಲು ಬರುವುದು. ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ — ಈ ಮನೆಗೆ ಸೊಸೆಯಾಗಿ ಬರುವ ಮೊದಲು ಕಲಿತ ಏಳನೆಯ ಇಯತ್ತೆ. ಬರೆದರೆ ಯಾರೂ ನೋಡುವುದಿಲ್ಲ.

೧೬ ಜೂನ್

ಮುನಿ ಮಹಾರಾಜರು ವಿಹಾರದ ದಾರಿಯಲ್ಲಿ ಬಸದಿಯಲ್ಲಿ ತಂಗಿದ್ದರು. ನಮಸ್ಕರಿಸಿ ಹೇಳಿದೆ — ಮನಾಲಿ ದೇಶದ ಗೋಲಿನಲ್ಲಿ ಒಂದು ಆಟವಾದರೂ ನಿಲ್ಲುವ ತನಕ ನನಗೆ ಸಿಹಿ ತ್ಯಾಗ. ಸಕ್ಕರೆ, ಬೆಲ್ಲ ಎರಡೂ.

ಅವರಿಗೆ ಇವತ್ತು ಮೌನವ್ರತ. ಮುಖ ನೋಡಿದರು. ಆಮೇಲೆ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಸುತ್ತ ಕಬ್ಬೇ ಕಬ್ಬಿರುವ ಸೀಮೆ, ಬೆಲ್ಲ ಕಾಸುವ ಗುರ್‍ಹಾಳ ಊರಿಗೊಂದು. ಗುರ್‍ಹಾಳದ ಬಿಸಿ ಬೆಲ್ಲ ಯಾರಾದರೂ ತಂದೇ ತರುತ್ತಾರೆ. ಇರಲಿ. ಮೂರು ನಾಲ್ಕು ತಿಂಗಳ ಮಾತು.

೩ ಸೆಪ್ಟೆಂಬರ್ ೨೦೨೨

ಟೂರ್ನಮೆಂಟ್ ಮುಗಿಯಿತು. ಮೂರು ಆಟ, ಮೂರೂ ಸೋಲು. ಕೊನೆಯದರಲ್ಲಿ ಐದು ಗೋಲು ತಿಂದರು. ಅವರ ಕೋಚ್, ಬಂಗಾಲದ ಸರ್, ಗೆರೆಯ ಹತ್ತಿರ ನಿಂತು ಕೈ ಬೀಸುತ್ತಿದ್ದರು, ಎಲ್ಲರೂ ಹಿಂದೆ ಬನ್ನಿ ಅಂತ. ಎಲ್ಲರೂ ಹಿಂದೆ ಬಂದರು. ಚೆಂಡೂ ಬಂತು.

ಮನಾಲಿ ಆಡದವರ ಸಾಲು ಕುರ್ಚಿಯಲ್ಲಿ ಕೂತಿದ್ದಳು, ಹಸಿರು ಜಾಕೀಟು. ಟಿವಿಯಲ್ಲಿ ಎರಡು ಸಲ ಕಂಡಳು.

ಪಕ್ಕದ ಮನೆಯ ರುಪಾಲಿಯ ಬಾಯಿ ಸುಮ್ಮನಿರುವುದಲ್ಲ. "ಶಾಲನಕ್ಕಾ, ಕುಂದರೂದ ಮಾತ್ರ ಭಾಳ ಚಂದ ಕುಂತಿದ್ಳ ನೋಡ್ರಿ ನಿಮ್ಮ ಮನಾಲಿ. ಬೆನ್ನ ಎಷ್ಟ ನೆಟ್ಟಗ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆನ್ನು ನೆಟ್ಟಗಿದ್ದದ್ದು ಖರೆ.

ಇವರು ಚಹಾದಲ್ಲಿ ಚಮಚ ಅಲ್ಲಾಡಿಸುತ್ತ ಕೇಳಿದರು, "ದೇಶದ ಅಂಗಿ ಹಾಕ್ಯಾಳಲ್ಲ, ಮುಗೀತಲ್ಲ ನಿನ್ನ ನೇಮಾ?"

"ಇಲ್ಲರೀ. ಅಂಗಿಗಲ್ಲ ನೇಮ. ಗೋಲಿಗೆ."

"ಅಂದ್ರ ನಿನ್ನ ಚಾ ಆ ಸರ್ ಕೈಯಾಗ ಐತಿ ಅನ್ನು."

ತಮಾಷೆಗೆ ಅಂದರು. ಆಗ ನನಗೆ ತಟ್ಟಲಿಲ್ಲ.

೨೦ ಫೆಬ್ರವರಿ ೨೦೨೩

ಬಂಗಾಲದ ಸರ್ ಹೋದರು. ಸೋತರೆ ಸರ್ ಹೋಗಬೇಕಂತೆ, ಹುಡುಗಿಯರು ಇರುತ್ತಾರಂತೆ. ಜಿನಗೊಂಡ ಹೇಳಿದ.

ಆ ಸರ್‌ನ ನಾನು ಎದುರಿಗೆ ನೋಡಿಲ್ಲ. ಆದರೆ ಮನಾಲಿಯ ಆಟ ನೋಡಲು ಕೊಲ್ಲಾಪುರಕ್ಕೆ ಬಂದು ಮಳೆಯಲ್ಲಿ ಎರಡು ತಾಸು ಛತ್ರಿ ಹಿಡಿದು ನಿಂತಿದ್ದರಂತೆ. ಅರವತ್ತು ದಾಟಿದ ಮನುಷ್ಯ. ಇವತ್ತು ಣಮೋಕಾರ ಮಂತ್ರ ಅವರ ಹೆಸರಿನಲ್ಲಿ ಒಂದು ಜಪಮಾಲೆ ಹೆಚ್ಚು ಮಾಡಿದೆ.

ಹೊಸಬರು ಪೋರ್ಚುಗಲ್ ದೇಶದವರು. ಮನಾಲಿ ಫೋನಿನಲ್ಲಿ ಗಾಬರಿ. "ಗೋಲ್‌ಕೀಪರ್ ಕೈಗಿಂತ ಕಾಲ ಮೊದಲ ಅಂತಾರವ್ವಾ ಇವರು. ಒದ್ದ ಒಗ್ಯೂ ಹಂಗಿಲ್ಲ. ಸಾವಕಾಶ ಪಾಸ್ ಮಾಡಬೇಕು. ನನ್ನ ಕಾಲ ಅಂದ್ರ ನಿನಗ ಗೊತ್ತದ."

ಗೊತ್ತಿದೆ. ನಡೆಯುವಾಗ ಹೊಸ್ತಿಲು ಎಡವುವ ಹುಡುಗಿ.

೧೧ ಆಗಸ್ಟ್ ೨೦೨೩

ಗೆದ್ದರು! ಸತತ ನಾಲ್ಕನೆಯದು. ಮರಾಠಿ ಪೇಪರಿನಲ್ಲಿ ಇಡೀ ಟೀಮಿನ ಫೋಟೋ, ಎಡತುದಿಗೆ ಮನಾಲಿ, ಅರ್ಧ ಮುಖ. ಈಗ ಎರಡನೆಯ ಕೀಪರ್.

ಜಿನಗೊಂಡನ ಫೋನು. "ಅಕ್ಕಾ, ಈ ಸರ್ ಕತೀನ ಬ್ಯಾರೆ. ಚೆಂಡ ಒದಸೂದಿಲ್ಲ. ಮಗ್ಗದಾಗ ಲಾಳಿ ಹೋದಂಗ — ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ."

ಸ್ಪೀಕರ್ ಮೇಲಿತ್ತು. ನಮ್ಮ ಯಜಮಾನರು ಬಾಬಾಸಾಹೇಬರು ಇಷ್ಟು ವರ್ಷ ಫುಟ್ಬಾಲು ಎಂದರೆ ಆಕಳಿಸುವವರು. ಇವತ್ತು ನೆಟ್ಟಗೆ ಕೂತರು. "ಹಂಗ ಹೇಳು ಮತ್ತ! ತಿಳೀತು ಈಗ. ಲಾಳಿ ತಪ್ಪಿದ್ರ ನೇದ ಅರಿವಿ ಕೆಟ್ಟಂಗ."

ಕ್ಯಾಂಪಿನಲ್ಲಿ ಊಟ ಎಂಟು ಗಂಟೆಗೆ. ಮನಾಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಮೊದಲು ಹೊತ್ತು ಮುಳುಗುವ ಮುಂಚೆ ಬಿಸ್ಕೀಟು ತಿಂದು ಹಾಗೇ ಮಲಗುತ್ತಿದ್ದಳಂತೆ, ಹೇಳಿರಲಿಲ್ಲ. ಈ ಸರ್‌ಗೆ ಗೊತ್ತಾಗಿ ಅಡಿಗೆಯವನನ್ನು ಕರೆದು ಇವಳ ಒಬ್ಬಳ ಊಟ ಐದೂವರೆಗೆ ಮಾಡಿಸುತ್ತಿದ್ದಾರೆ. ಯಾವ ದೇಶದವರೋ, ಯಾವ ದೇವರೋ. ಅವರಿಗೂ ಒಂದು ಮಾಲೆ. ಹೆಸರು ನಾಲಿಗೆಗೆ ಹೊರಳುವುದಿಲ್ಲ, ಭಗವಂತರಿಗೆ ತಿಳಿದೀತು.

ಸಪ್ಪೆ ಚಹಾ ರೂಢಿಯಾಗಿದೆ. ಹೋಳಿಗೆ ಬಿಟ್ಟಿರುವುದು ಇನ್ನೂ ಆಗಿಲ್ಲ.

೨೪ ಜನವರಿ ೨೦೨೪

ಮನಾಲಿ ಬ್ಯಾಗು ತೆಗೆದುಕೊಂಡು ಬಂದಳು. ಟೀಮಿನಿಂದ ತೆಗೆದಿದ್ದಾರೆ.

ಅಭ್ಯಾಸದ ಆಟದಲ್ಲಿ ಕಾಲಲ್ಲಿದ್ದ ಚೆಂಡನ್ನು ಎದುರಿನ ಹುಡುಗಿಗೇ ಕೊಟ್ಟಳಂತೆ. ಎರಡು ಸಲ. ಸರ್ ಬೈಯಲಿಲ್ಲವಂತೆ. "ಕೈ ಬಂಗಾರ. ಕಾಲು ಮಾಡಿಕೊಂಡು ಬಾ" ಅಂದರಂತೆ. ಬೈದಿದ್ದರೆ ಚಲೋ ಇತ್ತು ಅನ್ನುತ್ತಾಳೆ.

ಸಂಜೆ ಶೆಡ್ಡಿನ ಹಿಂದಿನ ಗೋಡೆಗೆ ಚೆಂಡು ಒದೆಯುವ ಸದ್ದು. ಮಗ್ಗದ ಸದ್ದಿನ ನಡುವೆಯೂ ಕೇಳಿಸುತ್ತಿತ್ತು.

೯ ಏಪ್ರಿಲ್ ೨೦೨೪, ಪಾಡವಾ

ಇದನ್ನು ಬರೆಯಲೋ ಬೇಡವೋ ಅಂತ ಬಹಳ ಹೊತ್ತು ಕೂತೆ.

ಯುಗಾದಿಯ ಹೋಳಿಗೆ ಮಾಡಿದ್ದೆ. ಎಲ್ಲರಿಗೂ ಬಡಿಸಿ ನಾನು ಅನ್ನ ಸಾರು ಹಾಕಿಕೊಂಡೆ. ಮನಾಲಿ ನೋಡುತ್ತಿದ್ದಳು. ಊಟವಾದ ಮೇಲೆ ಒಳಗೆ ಬಂದು ನನ್ನ ಕೈ ಹಿಡಿದಳು. ಕಣ್ಣಲ್ಲಿ ನೀರು.

"ಅವ್ವಾ, ಖರೆ ಹೇಳು. ನಿನಗ ಶುಗರ್ ಆಗೇದ. ಮುಚ್ಚಿ ಇಟ್ಟೀರಿ ನನ್ನಿಂದ."

ನಾನು ಇಲ್ಲವೆಂದೆ. ನಂಬಲಿಲ್ಲ. ಡಾಕ್ಟರ ಹತ್ತಿರ ಹೋಗೋಣ, ಈಗಲೇ ಹೋಗೋಣ ಅಂತ ಹಟ. ಆಗ ಇವರು ಹೊರಗಿನಿಂದಲೇ ಹೇಳಿಬಿಟ್ಟರು. "ಶುಗರೂ ಇಲ್ಲ ಏನೂ ಇಲ್ಲ. ನಿನ್ನ ಸಲುವಾಗಿ ನೇಮಾ ಹಿಡದಾಳ. ನೀ ದೇಶದ ಗೋಲಿನಾಗ ನಿಲ್ಲೂ ತನಾ."

ಮನಾಲಿ ಕೈ ಬಿಟ್ಟಳು.

"ಎಂದಿನಿಂದ?"

"ನೀ ಕ್ಯಾಂಪಿಗೆ ಹೋದಾಗಿಂದ" ಅಂದೆ.

"ಎರಡ ವರ್ಷಾತು! ನಾ ಬೆಂಚಿನ ಮ್ಯಾಲೆ ಕುಂತ್ರ ನಿನ್ನ ಬಾಯಿ ಸಪ್ಪಗ. ನಾ ಪಾಸ್ ತಪ್ಪಿದ್ರ ನಿನಗ ಹೋಳಗಿ ಇಲ್ಲ. ಗೋಲಿನಾಗ ನಿಂತಾಗ ಇನ್ನ ಚೆಂಡ ನೋಡಲೋ ನಿನ್ನ ಸಕ್ರಿ ಡಬ್ಬಿ ನೋಡಲೋ? ನಾ ಏನ ಕೇಳಿದ್ನೇನ ಇದನ್ನ?"

ಹೋಳಿಗೆಯ ತಾಟು ಹಾಗೇ ಇಟ್ಟು ಹೊರಟಳು. ಸಂಜೆಯ ಎಸ್‌ಟಿ ಬಸ್ಸಿಗೆ ಕೊಲ್ಲಾಪುರ.

ಮಗಳಿಗಾಗಿ ಮಾಡಿದೆನಲ್ಲ. ತಪ್ಪು ಎಲ್ಲಿ?

೩೦ ಏಪ್ರಿಲ್

ನನಗೆ ಫೋನಿಲ್ಲ. ಇವರಿಗೆ ಮಾಡುತ್ತಾಳೆ.

೨೮ ಜುಲೈ ೨೦೨೪

ಉದಗಾಂವಿಗೆ ಹೋಗಿ ಬಂದೆ. ಅಲ್ಲಿ ಸಾಧ್ವಿ ಮಾತಾಜಿಯವರ ಮಳೆಗಾಲದ ಚಾತುರ್ಮಾಸ. ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲ ಹೇಳಿದೆ.

"ಯಾರ ಕಡೆ ತಗೊಂಡಿ ಈ ನೇಮಾ?"

"ಮಹಾರಾಜರ ಕಡೆ ರೀ. ಅವತ್ತ ಅವರಿಗೆ ಮೌನ ಇತ್ತು."

ಮಾತಾಜಿ ಜೋರಾಗಿ ನಕ್ಕರು. "ಮೌನ ಇದ್ದದ್ದಕ್ಕ ಬಚಾವಾದಿ. ಇಲ್ಲಾಂದ್ರ ಅವತ್ತ ಬೈಸಿಕೊಂಡ ಬರತಿದ್ದಿ." ಆಮೇಲೆ ನಗು ನಿಲ್ಲಿಸಿದರು. "ನೇಮಾ ಹಿಡದಾಕಿ ನೀನು. ಹೊತ್ತಾಕಿ ಮಗಳು. ಹೆಂಗವ್ವಾ ಇದು? ಕೊಟ್ರ ಬಿಡತೀನಿ, ಕೊಡದಿದ್ರ ಹಿಡೀತೀನಿ — ಇದ ತ್ಯಾಗ ಅಲ್ಲ. ಬಾಜಾರದಾಗಿನ ಸೌದಾ."

ತಲೆ ತಗ್ಗಿಸಿದೆ. ಎರಡು ವರ್ಷ ಸಪ್ಪೆ ಕುಡಿದು ಪುಣ್ಯ ಗಳಿಸಿದೆ ಅಂದುಕೊಂಡಿದ್ದೆ.

"ಮುರದ ಬಿಡಲ್ರೀ ಹಂಗಾರ?"

"ಮುರೀಬ್ಯಾಡ. ಶರತ್ತ ತಗಿ. ಸಿಹಿ ಬಿಡೂದಿದ್ರ ನಿನ್ನ ನಾಲಗಿ ಸಲುವಾಗಿ ಬಿಡು. ಅಕಿ ಆಡಲಿ, ಬಿಡಲಿ. ಹೊತ್ತಿಗೆ ಇಷ್ಟ ಅಂತ ಜಪಾ ಮಾಡು, ಎರಡ ಉಪವಾಸ ಮಾಡು. ಕ್ಷಮಾವಾಣಿ ದಿನ ಮಗಳ ಮುಂದ ಕೈ ಮುಗಿ."

"ಮಗಳಿಗೆ ನಾನ?"

"ಯಾಕ, ಅಕಿ ಜೀವ ಅಲ್ಲೇನ?"

ಅಲ್ಲೇ ಕೈಮುಗಿದು ಹೊಸದಾಗಿ ನೇಮ ತೆಗೆದುಕೊಂಡೆ. ಜೀವ ಇರುವ ತನಕ. ಯಾವ ಶರತ್ತೂ ಇಲ್ಲ. ಬಸ್ಸಿನಲ್ಲಿ ಬರುವಾಗ ಎದೆ ಹಗುರ. ಬೈಯುವವರು ಸಿಕ್ಕರಲ್ಲ, ಅದೂ ದೊಡ್ಡ ಉಪಕಾರ.

೧೮ ಸೆಪ್ಟೆಂಬರ್ ೨೦೨೪, ಕ್ಷಮಾವಾಣಿ

ಬೆಳಿಗ್ಗೆ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕ್ಷಮೆ ಕೇಳಿ ಕೈ ಮುಗಿದರು. ರುಪಾಲಿಯೂ ನನಗೆ ಮುಗಿದಳು, "ಬೆನ್ನ ನೆಟ್ಟಗ ಅಂದಿದ್ದಕ್ಕ ಕ್ಷಮಾ ಮಾಡ್ರಿ ಅಕ್ಕಾ" ಅಂದಳು. ಇಬ್ಬರೂ ನಕ್ಕೆವು. ಅಲ್ಲಿಂದ ನೇರ ಕೊಲ್ಲಾಪುರ.

ಮೈದಾನದಲ್ಲಿ ಅಭ್ಯಾಸ ನಡೆದಿತ್ತು. ಮನಾಲಿ ಗೋಲಿನಲ್ಲಿ, ಬೆನ್ನು ನನ್ನ ಕಡೆಗೆ. ನಾನು ಬಲೆಯ ಹಿಂದೆ ಹೋಗಿ ನಿಂತೆ.

"ಉತ್ತಮ ಕ್ಷಮಾ, ಮನಾಲಿ."

ತಿರುಗಲಿಲ್ಲ. "ಅವ್ವಾ, ಹಿಂದ ಸರಿ. ಚೆಂಡ ಬರತೈತಿ."

ಬಂತು. ಇವಳನ್ನು ದಾಟಿ ನನ್ನ ಮುಖದ ಮುಂದೆಯೇ ಬಲೆಗೆ ಬಡಿಯಿತು. ಚೆಂಡು ಎತ್ತಲು ತಿರುಗಿದಳು. ಐದು ತಿಂಗಳಾದ ಮೇಲೆ ಮುಖ ನೋಡಿದೆ.

"ನೇಮಾ ಬಿಟ್ಟಿಯೇನ?"

"ನೇಮಾ ಬಿಟ್ಟಿಲ್ಲ. ಅದರಾಗಿಂದ ನಿನ್ನ ಬಿಟ್ಟೇನಿ. ನೀ ಆಡು, ಆಡಬ್ಯಾಡ, ನನ್ನ ಚಾ ಇನ್ನ ಸಪ್ಪೇನ. ತಪ್ಪಾತವ್ವಾ ನಂದು."

ಅವಳು ಹಣೆಯನ್ನು ಬಲೆಗೆ ಒತ್ತಿದಳು. ನಾನು ಈಚೆಯಿಂದ ಬಲೆಯ ಮೇಲೆಯೇ ತಲೆ ಸವರಿದೆ. "ಹೋಳಗಿ ಬಿಟ್ಟ ಎದ್ದಿದ್ದಕ್ಕ ನಂದೂ ಕ್ಷಮಾ" ಅಂದಳು.

ಆ ಕಡೆಯಿಂದ ಯಾರೋ ಕೂಗಿದರು, "ಮನಾಲಿ, ಚೆಂಡೂ!"

ಕಾಲಿನಿಂದ ಕೊಟ್ಟಳು. ಸಾವಕಾಶ, ಸರಿಯಾಗಿ ಅವರ ಕಾಲಿಗೇ.

೩ ಫೆಬ್ರವರಿ ೨೦೨೫

ಪೋರ್ಚುಗಲ್ ಸರ್ ಹೋದರು. ಐದು ತಿಂಗಳಿಂದ ಗೆಲುವಿಲ್ಲ. ಲಾಳಿ ತಪ್ಪಿತು ಅಂತ ಇವರಿಗೆ ನಿಜಕ್ಕೂ ಬೇಜಾರು. ಮನಾಲಿಗೂ. ನಿನ್ನನ್ನು ತೆಗೆದುಹಾಕಿದವರಿಗಾಗಿ ಯಾಕೆ ಅಳುವುದು ಅಂದರೆ, "ಸುಳ್ಳ ಹೇಳಲಿಲ್ಲಲ್ಲವ್ವಾ ಅವರು" ಅಂತಾಳೆ. ಮೆಸೇಜ್ ಹಾಕಿದ್ದಳಂತೆ. ಒಂದೇ ಮಾತು ಬಂದಿದೆ — ಕಾಲು ಹೇಗಿದೆ? ಗೋಡೆಗೆ ಒದೆಯುವ ವಿಡಿಯೋ ಕಳಿಸಿದಳು.

ಈಗ ಬಂದವರು ಕೇರಳದ ಮೇಡಮ್. ಅವರೂ ಮೊದಲು ಕೀಪರ್ ಆಗಿದ್ದವರಂತೆ.

ಮೊದಲಾಗಿದ್ದರೆ ಈ ಹೊತ್ತು ನಾನು ಲೆಕ್ಕ ಹಾಕುತ್ತಿದ್ದೆ, ಈ ಮೇಡಮ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಅಂತ. ಇವತ್ತು ಹಿಟ್ಟು ನಾದಿದೆ, ಬಸದಿಗೆ ಹೋದೆ, ಮಧ್ಯಾಹ್ನ ನಿದ್ದೆ ಚಲೋ ಬಂತು.

೨೧ ಅಕ್ಟೋಬರ್ ೨೦೨೫

ಬೆಳಿಗ್ಗೆ ಬಸದಿಯಲ್ಲಿ ಮಹಾವೀರರಿಗೆ ದೀಪಾವಳಿಯ ನಿರ್ವಾಣ ಲಾಡು ಏರಿಸಿ ಬಂದೆ. ಮನೆಗೆ ಬಂದರೆ ಫೋನು.

ಮನಾಲಿಯನ್ನು ಮತ್ತೆ ಕರೆದಿದ್ದಾರೆ. ಮೇಡಮ್ ಕೊಲ್ಲಾಪುರದಲ್ಲಿ ಅವಳ ಆಟ ನೋಡಿ, ಈ ಕಾಲು ಯಾರು ಕಲಿಸಿದ್ದು ಅಂದರಂತೆ. "ನನ್ನ ತಗದಹಾಕಿದ ಸರ್" ಅಂತ ಇವಳು. ಮೇಡಮ್ ನಕ್ಕರಂತೆ.

ಒಬ್ಬರು ಮಳೆಯಲ್ಲಿ ನಿಂತು ಕಂಡರು. ಒಬ್ಬರು ಕಾಲು ಕೊಟ್ಟರು. ಇವರು ಏನು ಕೊಡುತ್ತಾರೋ. ಕೊಡದಿದ್ದರೂ ಒಂದು ಮಾಲೆ.

೮ ನವೆಂಬರ್ ೨೦೨೫, ಮಧ್ಯಾಹ್ನ

ಐದಕ್ಕೆ ಆಟ. ಜಿನಗೊಂಡ ಗಡಹಿಂಗ್ಲಜದಿಂದ ಬಂದಿದ್ದಾನೆ. ಇವರು ಮಗ್ಗ ಬಂದ್ ಮಾಡಿದ್ದಾರೆ. ಲಗ್ನವಾಗಿ ಬಂದಾಗಿನಿಂದ ಹಬ್ಬಕ್ಕೂ ಬಂದ್ ಮಾಡಿದ್ದು ನೋಡಿಲ್ಲ. ಮನೆ ಎಷ್ಟು ಶಾಂತ.

ಮೂರಕ್ಕೆ ಮನಾಲಿಯ ಫೋನು. "ಮೊದಲಿಂದ ನಾನ ನಿಲ್ಲತೀನವ್ವಾ ಇವತ್ತ" ಅಂದಳು. ಆಮೇಲೆ, "ಚಾ ಕುಡದ್ಯಾ?"

"ಕುಡದೆ."

"ಸಪ್ಪಗಿತ್ತಾ?"

"ಸಪ್ಪಗ ಚಲೋ ಇತ್ತು."

"ಹಂಗಾರ ಸರಿ" ಅಂದು ಇಟ್ಟಳು.

ಸಂಜೆ ೫.೫೦

ಅರ್ಧ ಆಟ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಒಂದಕ್ಕೊಂದು. ನಮ್ಮದು ಮೊದಲು. ಆಮೇಲೆ ಎದುರಿನ ಕೆಂಪಂಗಿಯವರು ಒಂದು ಗೋಲು ಹೊಡೆದರು, ಮೂಲೆಗೆ. ರುಪಾಲಿ ಅಯ್ಯೋ ಅಂದಳು. ಮನಾಲಿ ಬಲೆಯಿಂದ ಚೆಂಡು ತೆಗೆದು, ಗ್ಲೌಸು ತಟ್ಟಿ, ನಿಂತಳು. ಬೆನ್ನು ನೆಟ್ಟಗೆ. ಅದಾದ ಮೇಲೆ ಇನ್ನೊಂದು ಒಳಗೇ ಹೊರಟಿತ್ತು — ಬಲಗಾಲು ಚಾಚಿ ತಡೆದಳು! ಇವರು ಎದ್ದು ನಿಂತುಬಿಟ್ಟರು. "ಕಾಲ! ಕಾಲಿಂದ!" ಅಂತ ಜಿನಗೊಂಡನ ಬೆನ್ನಿಗೆ ಗುದ್ದಿದರು.

ಪೇಢಾದ ಪುಡಿಕೆ ಈಗಲೇ ಬಿಚ್ಚಿದ್ದಾರೆ. "ಗೋಲಿನಾಗ ನಿಂತಾಳ ಮಗಳು. ಇನ್ನ ಒಂದ ಬಾಯಾಗ ಹಾಕ್ಕೊ" ಅಂದರು.

"ಅದ ಹಳೇ ನೇಮಾ ರೀ" ಅಂದು ರುಪಾಲಿಗೆ ಕೊಟ್ಟೆ.

ಗೆಲ್ಲಲಿ, ಸೋಲಲಿ. ಮೇಡಮ್ ಇರಲಿ, ಇನ್ನೊಬ್ಬರು ಬರಲಿ. ಮನಾಲಿಯ ಕೈಯಲ್ಲಿ ಈಗ ನನ್ನದೇನೂ ಇಲ್ಲ. ಚೆಂಡೊಂದೇ.

ಸೂರ್ಯ ಶೆಡ್ಡಿನ ತಗಡಿಗೆ ಇಳಿದಿದ್ದಾನೆ. ಮುಳುಗುವ ಮೊದಲು ನೀರು ಕುಡಿಯಬೇಕು, ಲೋಟ ಪಕ್ಕದಲ್ಲೇ ಇದೆ, ಆಗಿನಿಂದ ಮುಟ್ಟೇ ಇಲ್ಲ. ಕೂಗುತ್ತಿದ್ದಾರೆ — ಶುರುವಾಯಿತಂತೆ. ಟಿವಿಯಲ್ಲಿ ಮನಾಲಿ ಈ ಸಲ ಈಚೆಯ ಗೋಲಿನಲ್ಲಿ, ಬೆನ್ನು ನಮ್ಮ ಕಡೆಗೆ, ಅವತ್ತು ಬಲೆಯ ಹಿಂದೆ ನಿಂತು ನೋಡಿದ ಹಾಗೇ. ಕೆಂಪಂಗಿಯ ಉದ್ದ ಹುಡುಗಿ ಚೆಂಡು ತಗೊಂಡು ಬರ್ತಿದ್ದಾಳೆ, ಉಳಿದದ್ದು ಆಮೇಲೆ ಬರೆದೇನು.