ನಾಟಿ ಮರಸೇಬಿನ ಮರ ಉಳೀತು

ನಾಗಸಂದ್ರ
ಭಾನುವಾರ, ೪ ಆಗಸ್ಟ್ ೨೦೨೪

ತಂಗಿ ವನಜಾಗೆ, ಗೆದ್ದು ಕೂತಿರೋ ನಿನ್ನ ಅಕ್ಕನ ಆಶೀರ್ವಾದ.

ಆರು ವರ್ಷದ ಮೇಲೆ ಕಾಗದ ಬರೀತಿದ್ದಾಳೆ, ಇವಳಿಗೇನು ಬಂತು ಅಂತ ಮೂಗು ಮುರೀಬೇಡ. ನನ್ನ ಬಾಣಂತನಕ್ಕೆ ಬಂದಾಗ ನೀನು ಹಿತ್ತಲಲ್ಲಿ ನೆಟ್ಟೆಯಲ್ಲ, ಆ ನಾಟಿ ಮರಸೇಬಿನ ಮರ ಇವತ್ತು ಉಳೀತು ಕಣೇ! ಮಗ ಮುನಿಕೃಷ್ಣ ಅದನ್ನು ಕಡಿಸಿ ಇನ್ನೆರಡು ಬಾಡಿಗೆ ರೂಮು ಕಟ್ಟಿಸೋನಿದ್ದ. ಗರಗಸದವರು ಬೆಳಗ್ಗೆ ಎಂಟಕ್ಕೇ ಬಂದು ನಿಂತಿದ್ದರು.

ಉಳಿಸಿದ್ದು ನಮ್ಮ ಮೂರನೇ ರೂಮಿನ ಸಿದ್ದಕ್ಕ. ಕೊಪ್ಪಳದ ಕಡೆಯವಳು, ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಮಷೀನ್ ಬಿಟ್ಟು ಏಳೋಕೆ ಹೆದರಿ ಆ ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯಲ್ಲ. ಹೋದ ತಿಂಗಳು ಮಲಬದ್ಧತೆಯ ಸಂಕಟಕ್ಕೆ ಜಗಲಿ ಮೇಲೆ ಕೂತು ಅಳ್ತಿದ್ದಳು. ನಮ್ಮಮ್ಮ ಕೊಡ್ತಿದ್ದ ಹಾಗೆ ದಿನಾ ಎರಡು ಮರಸೇಬು ಕೊಟ್ಟೆ, ಸಿಪ್ಪೆ ಸಮೇತ, ಮೇಲೆ ಒಂದು ಚೊಂಬು ನೀರು. ವಾರಕ್ಕೆ ಮುಖ ಅರಳ್ತು. ಅವಳ ಹಿಂದೆ ಇನ್ನೂ ಹನ್ನೊಂದು ಜನ ಹಣ್ಣು ಕೇಳ್ಕೊಂಡು ಬಂದರು. ನಾನಂತೂ ಶುಗರ್‌ಗೂ ಮಂಡಿನೋವಿಗೂ ಇದೇ ಮದ್ದು ಅಂತ ಸಾರಿಬಿಟ್ಟೆ! ಆರೋಗ್ಯ ಕೇಂದ್ರದ ಡಾಕ್ಟರಮ್ಮ ಗದರಿಸಿದರು. ಸಿಪ್ಪೆಯಲ್ಲಿ ನಾರಿದೆ, ಹೊಟ್ಟೆಗೆ ಒಳ್ಳೇದು, ಆದರೆ ಯಾರಿಗಾದರೂ ಮಾತ್ರೆ ಬಿಡಿಸಿದರೆ ನಿಮ್ಮನ್ನ ಸುಮ್ಮನೆ ಬಿಡಲ್ಲ ಅಂದರು. ಹೂಂ ಅಂದೆ. ಹಣ್ಣಿಗೆ ಅಷ್ಟು ಮರ್ಯಾದೆ ಸಾಕು.

ಇವತ್ತು ಅವರಿಗೆ ರಜೆ. ಬಟ್ಟೆ ಒಗೀತಿದ್ದ ಹೆಂಗಸರೆಲ್ಲ ಒದ್ದೆ ಕೈಯಲ್ಲೇ ಬಂದು ಮರದ ಸುತ್ತ ನಿಂತರು. ಗಿಡಕ್ಕ ಗರಗಸ ಹಚ್ಚಿದ್ರ ಎಂಟೂ ಖೋಲಿ ಇವತ್ತ ಖಾಲಿ ಮಾಡ್ತೀವ್ರಿ ಅಂತ ಸಿದ್ದಕ್ಕ ಗಟ್ಟಿಯಾಗಿ ಹೇಳಿದಳು. ಎರಡು ರೂಮಿನ ಆಸೆಗೆ ಎಂಟು ಕಳ್ಕೊಳ್ತೀಯೇನೋ ಅಂತ ನಾನೂ ದನಿ ಸೇರಿಸಿದೆ. ಮುನಿಕೃಷ್ಣ ಗರಗಸ ಕೆಳಗಿಡಿ ಅಂದ. ಗರಗಸದವರಿಗೆ ಕಾಫಿ ಕೊಟ್ಟು, ಒಂದೊಂದು ಚೀಲ ಹಣ್ಣು ಕಟ್ಟಿ ಕಳಿಸಿದೆ. ಈ ವಯಸ್ಸಲ್ಲಿ ಕುಣಿಯೋ ಹಾಗಾಗಿದೆ ಕಣೇ ನನಗೆ!

ಇತಿ ನಿನ್ನ ಅಕ್ಕ,
ಭದ್ರಮ್ಮ

ಇನ್ನೊಂದು ಮಾತು: ತಪ್ಪೆಲ್ಲ ಮುನಿಕೃಷ್ಣನ ತಲೆಗೆ ಕಟ್ಟಿದೆ, ಅದು ಸುಳ್ಳು. ಅವನು ರೂಮು ಮಹಡಿ ಮೇಲೆ ಕಟ್ಟೋಣ ಅಂತಿದ್ದ. ಆರು ವರ್ಷದ ಹಿಂದೆ ನಿನ್ನ ಭಾವ ತೀರಿಹೋದಾಗ ನೀನು ಬರಲಿಲ್ಲ ಅನ್ನೋ ಸಿಟ್ಟಿಗೆ, ಅವಳು ನೆಟ್ಟ ಮರ ಕಡಿಸು ಅಂತ ಈ ಯುಗಾದೀಲಿ ಹಟ ಹಿಡಿದವಳು ನಾನೇ. ಆಮೇಲೆ ಮನಸ್ಸು ಕರಗಿದರೂ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಆ ಹೆಂಗಸರು ಬರದೇ ಇದ್ದಿದ್ದರೆ ನಾನು ನೋಡ್ತಾ ನಿಂತಿರ್ತಿದ್ದೆ. ಹಣ್ಣು ಇನ್ನು ಮೂರು ವಾರ ಇರುತ್ತೆ. ಬಾರೇ.